ನೆದರ್ಲೆಂಡ್ಸ್: ಕಡಲಿನಿಂದ ಗಳಿಸಿದ ನಾಡು

ವಾಯವ್ಯ ಯೂರೋಪಿನಲ್ಲಿ ರೈನ್, ಮಾಸ್ ಮತ್ತು ಶೆಲ್ಟ್ ನದಿಗಳು ಉತ್ತರ ಸಮುದ್ರವನ್ನು ಸೇರುವೆಡೆ ಇರುವ ಪುಟ್ಟ ರಾಷ್ಟ್ರ ನೆದರ್ಲೆಂಡ್ಸ್. ಹೆಸರಿನ ಅರ್ಥವೇ 'ತಗ್ಗುನಾಡು'. ಸುಮಾರು ಕಾಲು ಭಾಗ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ರಾಜಧಾನಿ ಆಮ್‌ಸ್ಟರ್‌ಡ್ಯಾಮ್, ಸರ್ಕಾರದ ಕೇಂದ್ರ ಹೇಗ್, ಪ್ರಧಾನ ಭಾಷೆ ಡಚ್.

ಒಡ್ಡು ಕಟ್ಟಿ, ಒಳಗಿನ ನೀರನ್ನು ಹೊರಹಾಕಿ ಪಡೆದ ಭೂಮಿಗೆ 'ಪೋಲ್ಡರ್' ಎಂದು ಹೆಸರು. ಹಿಂದೆ ಗಾಳಿಯಂತ್ರಗಳು ಮಾಡುತ್ತಿದ್ದ ಈ ಕೆಲಸವನ್ನು ಇಂದು ಪಂಪುಗಳು ಮಾಡುತ್ತಿವೆ. 1932ರಲ್ಲಿ ಪೂರ್ಣಗೊಂಡ 32 ಕಿ.ಮೀ. ಉದ್ದದ ಕಟ್ಟೆಯೊಂದು ಜೈಡರ್‌ಜೀ ಕೊಲ್ಲಿಯನ್ನು ಕಡಲಿನಿಂದ ಬೇರ್ಪಡಿಸಿತು. ಅಲ್ಲಿ ದೊರೆತ ನೆಲವೇ ಬಹುಮಟ್ಟಿಗೆ 1986ರಲ್ಲಿ ಫ್ಲೆವೊಲ್ಯಾಂಡ್ ಪ್ರಾಂತವಾಯಿತು.

ಆದರೆ ಕಡಲು ಸುಮ್ಮನಿರಲಿಲ್ಲ. 1953ರ ಫೆಬ್ರವರಿ 1ರ ನಸುಕಿನಲ್ಲಿ ಬಿರುಗಾಳಿಗೆ ನೈಋತ್ಯ ಭಾಗದ ಒಡ್ಡುಗಳು ಒಡೆದು 1,836 ಜನ ಪ್ರಾಣ ಕಳೆದುಕೊಂಡರು. ಆ ದುರಂತದ ಫಲವೇ 'ಡೆಲ್ಟಾ' ಯೋಜನೆ. ರಾಟರ್‌ಡ್ಯಾಮ್ ಬಳಿ ಬಿರುಗಾಳಿಯ ಕಾಲದಲ್ಲಿ ಮುಚ್ಚಿಕೊಳ್ಳುವ ಬೃಹತ್ ಬಾಗಿಲುಗಳು 1997ರಲ್ಲಿ ಸಿದ್ಧವಾದವು.

ಈ ಹೋರಾಟ ಜನಜೀವನವನ್ನೂ ರೂಪಿಸಿದೆ. ಒಬ್ಬನ ಒಡ್ಡು ಒಡೆದರೆ ಊರೆಲ್ಲ ಮುಳುಗುವುದರಿಂದ 13ನೇ ಶತಮಾನದಲ್ಲಿಯೇ ಜಲಮಂಡಳಿಗಳು ಹುಟ್ಟಿಕೊಂಡವು. ಅವುಗಳಿಗೆ ಇಂದಿಗೂ ಚುನಾವಣೆ ನಡೆಯುತ್ತದೆ. ಎಲ್ಲರೂ ಕೂಡಿ ಚರ್ಚಿಸಿ ಒಮ್ಮತಕ್ಕೆ ಬರುವ ಡಚ್ಚರ ರಾಜಕೀಯ ಪದ್ಧತಿಗೆ 'ಪೋಲ್ಡರ್ ಮಾದರಿ' ಎಂಬ ಹೆಸರೇ ಬಂದಿದೆ. ಸಮುದ್ರಮಟ್ಟ ಏರುತ್ತಿರುವ ಈ ದಿನಗಳಲ್ಲಿ ಆ ಒಮ್ಮತಕ್ಕೆ ಮತ್ತೆ ಪರೀಕ್ಷೆಯ ಕಾಲ ಬಂದಿದೆ.