ಇಲ್ಲದ ಏಳನೇ ಅವೆನ್ಯೂ

ನ್ಯೂಯಾರ್ಕಿನ ಏಳನೇ ಅವೆನ್ಯೂ 59ನೇ ಬೀದಿಗೆ ಬಂದು ನಿಂತುಬಿಡುತ್ತದೆ. ಮತ್ತೆ ಕಾಣಿಸಿಕೊಳ್ಳುವುದು 110ನೇ ಬೀದಿಯ ಆಚೆ. ನಡುವಿನ ಎರಡೂವರೆ ಮೈಲಿ ಸೆಂಟ್ರಲ್ ಪಾರ್ಕ್‌ಗೆ ಸೇರಿದ್ದು. ನಾನು ಹುಡುಕಿಕೊಂಡು ಹೋದದ್ದು ಆ ನಡುವಿನ, ಇಲ್ಲದ ತುಂಡನ್ನೇ. ಕಾರಣ, ನನ್ನ ಕೈಯಲ್ಲಿದ್ದ ಹಳೆಯ ಆಸ್ತಿ ದಾಖಲೆಗಳ ಟಿಪ್ಪಣಿಯಲ್ಲಿ ಏಳನೇ ಅವೆನ್ಯೂ ಇತ್ತು, ಎಂಬತ್ತೈದನೇ ಬೀದಿ ಇತ್ತು, ಅವುಗಳ ಅಂಚಿನಲ್ಲಿ ಮನೆಗಳಿದ್ದವು, ಚರ್ಚುಗಳಿದ್ದವು. ಹೊಲ, ಬಂಡೆ, ಜೌಗು ಏನನ್ನೂ ಲೆಕ್ಕಿಸದೆ ಮ್ಯಾನ್‌ಹಟನ್ ದ್ವೀಪದ ಮೇಲೆ ಚೌಕುಳಿ ಎಳೆದ 1811ರ ನಗರ ನಕ್ಷೆಯ ದೆಸೆಯಿಂದ, ಕಡಿಯದ ಬೀದಿಗಳಿಗೂ ಇಲ್ಲಿ ನಂಬರು ಬಿದ್ದಿತ್ತು. ಬೀದಿ ಬರುವ ಮೊದಲೇ ಚೆಕ್ಕುಬಂದಿ ಬಂದಿತ್ತು.

ಹಿಮ ಬಿದ್ದ ಮರುದಿನ ಪಶ್ಚಿಮದ 85ನೇ ಬೀದಿಯ ಮ್ಯಾರಿನರ್ಸ್ ಗೇಟಿನಿಂದ ಒಳಹೊಕ್ಕೆ. ಇಂಥ ಹುಡುಕಾಟಕ್ಕೆ ಚಳಿಗಾಲವೇ ಮೇಲು. ಬೇಸಿಗೆಯಲ್ಲಿ ಎಲೆಗಳು ನೆಲವನ್ನು ಮುಚ್ಚಿರುತ್ತವೆ. ಈಗ ಮರಗಳು ಬೋಳು, ದಿಬ್ಬ ಯಾವುದು, ತಗ್ಗು ಯಾವುದು ಎಂಬುದು ದೂರದಿಂದಲೇ ತಿಳಿಯುತ್ತದೆ. ಬಿಳುಪಿನ ನಡುವೆ ಕಪ್ಪಗೆ ಎದ್ದು ನಿಂತದ್ದು ಮ್ಯಾನ್‌ಹಟನ್ ಶಿಸ್ಟ್ ಬಂಡೆ. ಬಲಕ್ಕೆ ತಿರುಗಿದರೆ ಸಮಿಟ್ ರಾಕ್, ಉದ್ಯಾನದ ಅತಿ ಎತ್ತರದ ಸಹಜ ದಿಣ್ಣೆ. ಅದರ ಬುಡದ ಹತ್ತಿರ ಟ್ಯಾನರ್ಸ್ ಸ್ಪ್ರಿಂಗ್ ಎಂಬ ಸಣ್ಣ ಒರತೆ. 1880ರಲ್ಲಿ ನಲವತ್ತು ದಿನ ಉಪವಾಸ ಮಾಡಿ ಸುದ್ದಿಯಾದ ಡಾಕ್ಟರೊಬ್ಬರ ಹೆಸರು ಅದಕ್ಕೆ ಅಂಟಿಕೊಂಡಿದೆ. ಉಪವಾಸಿಗಿಂತ ಮೊದಲು ಆ ನೀರನ್ನು ಕೊಡದಲ್ಲಿ ಹೊತ್ತೊಯ್ದಿರಬಹುದಾದ ಸಂಸಾರಗಳ ಹೆಸರಿನಲ್ಲಿ ಇಲ್ಲಿ ಯಾವ ಒರತೆಯೂ ಇಲ್ಲ.

ಆ ಸಂಸಾರಗಳ ಊರಿನ ಹೆಸರು ಸೆನೆಕಾ ವಿಲೇಜ್. 82ನೇ ಬೀದಿಯಿಂದ 89ರವರೆಗೆ, ಏಳು ಮತ್ತು ಎಂಟನೇ ಅವೆನ್ಯೂಗಳ ನಡುವೆ ಹಬ್ಬಿದ್ದ ಊರು. ಇದರ ದಾಖಲೆ ಶುರುವಾಗುವುದು 1825ರಲ್ಲಿ. ಜಾನ್ ಮತ್ತು ಎಲಿಜಬೆತ್ ವೈಟ್‌ಹೆಡ್ ಎಂಬ ದಂಪತಿ ತಮ್ಮ ಜಮೀನನ್ನು ನಿವೇಶನಗಳಾಗಿ ವಿಂಗಡಿಸಿ ಮಾರತೊಡಗಿದರು. ಆ ವರ್ಷದ ಸೆಪ್ಟೆಂಬರ್ 27ರಂದು ಆಂಡ್ರ್ಯೂ ವಿಲಿಯಮ್ಸ್ ಎಂಬ ಇಪ್ಪತ್ತೈದು ವರ್ಷದ ಕಪ್ಪು ಯುವಕ ಮೂರು ನಿವೇಶನಗಳನ್ನು 125 ಡಾಲರಿಗೆ ಕೊಂಡ. ಕಸುಬು ಬೂಟು ಪಾಲಿಶ್. ಅಂಗಡಿ ಗುಮಾಸ್ತ ಎಪಿಫನಿ ಡೇವಿಸ್ 578 ಡಾಲರ್ ಕೊಟ್ಟು ಹನ್ನೆರಡು ಕೊಂಡ. ಅದೇ ವಾರ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಝಯಾನ್ ಚರ್ಚು ಆರು ನಿವೇಶನಗಳನ್ನು ಕ್ರಯಕ್ಕೆ ಪಡೆಯಿತು. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ರದ್ದಾದದ್ದು 1827ರ ಜುಲೈ 4ರಂದು. ಈ ಕ್ರಯಪತ್ರಗಳು ಅದಕ್ಕಿಂತ ಹಿಂದಿನವು.

ಜಮೀನಿಗೆ ಇನ್ನೊಂದು ಬೆಲೆಯೂ ಇತ್ತು. 1821ರ ರಾಜ್ಯ ಸಂವಿಧಾನ ಬಿಳಿಯ ಗಂಡಸರಿಗೆ ಆಸ್ತಿಯ ಷರತ್ತನ್ನು ಸಡಿಲಿಸಿ, ಕಪ್ಪು ಗಂಡಸರು ಮತ ಹಾಕಬೇಕಾದರೆ 250 ಡಾಲರ್ ಆಸ್ತಿ ಇರಲೇಬೇಕೆಂದು ವಿಧಿಸಿತ್ತು. ಈ ಷರತ್ತು 1870ರಲ್ಲಿ ಅಮೆರಿಕದ ಸಂವಿಧಾನಕ್ಕೆ ಹದಿನೈದನೇ ತಿದ್ದುಪಡಿ ಆಗುವವರೆಗೂ ನಡೆಯಿತು. ಬೂಟು ಪಾಲಿಶ್ ಮಾಡುವವನು ಕಾಸಿಗೆ ಕಾಸು ಕೂಡಿಸಿ ಊರಾಚೆಯ ಕಲ್ಲುನೆಲ ಕೊಂಡದ್ದೇಕೆ ಎಂದು ಕೇಳುವವರು ಈ ಕಾನೂನನ್ನು ಮೊದಲು ಓದಬೇಕು.

ಇಷ್ಟೆಲ್ಲ ಇದ್ದೂ ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಊರಿನ ಬಗ್ಗೆ ಜನ ನಂಬಿಕೊಂಡು ಬಂದದ್ದು ಬೇರೆಯೇ ಕಥೆ. ಉದ್ಯಾನ ಬರುವ ಮುನ್ನ ಅಲ್ಲಿ ಇದ್ದದ್ದು ಹಂದಿಗೂಡುಗಳು, ಜೋಪಡಿಗಳು, ಪರರ ನೆಲದಲ್ಲಿ ಅಕ್ರಮವಾಗಿ ಬೀಡುಬಿಟ್ಟವರು ಎಂಬ ಕಥೆ. ಅದನ್ನು ಹುಟ್ಟುಹಾಕಿದ್ದು 1850ರ ದಶಕದ ಪತ್ರಿಕೆಗಳು ಮತ್ತು ಉದ್ಯಾನದ ಪರ ಇದ್ದವರ ವರದಿಗಳು. ಮುದ್ರಿತವಾದದ್ದು ಬೇಗ ಕೈಗೆ ಸಿಗುತ್ತದೆ. ಕೈಬರಹದ ಖಾತೆ ಪುಸ್ತಕ ತೆರೆಯಲು ಯಾರಾದರೂ ಹಟ ಹಿಡಿದು ಕೂರಬೇಕು. ರಾಯ್ ರೋಸೆನ್‌ಜ್ವೈಗ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಮಾರ್ ಹಾಗೆ ಕೂತರು. ಅವರು 1992ರಲ್ಲಿ ಹೊರತಂದ ಉದ್ಯಾನದ ಇತಿಹಾಸದಲ್ಲಿ ಈ ಊರಿಗೆ ಮೊದಲ ಬಾರಿಗೆ ತಕ್ಕಷ್ಟು ಪುಟ ಸಿಕ್ಕಿತು. 1997ರಲ್ಲಿ ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿ ಇದರ ಮೇಲೆ ಪ್ರದರ್ಶನ ನಡೆಸಿತು.

ನನ್ನ ಮಟ್ಟಿಗೆ ಇದರ ರುಚಿ ಇರುವುದು 1855ರ ರಾಜ್ಯ ಜನಗಣತಿಯಲ್ಲಿ. ಬರೀ ತಲೆ ಎಣಿಸಿ ಸುಮ್ಮನಾದ ಗಣತಿ ಅದಲ್ಲ. ಮನೆ ಯಾವುದರಿಂದ ಕಟ್ಟಿದ್ದು, ಬೆಲೆ ಎಷ್ಟು, ಈ ಪಟ್ಟಣದಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ಜಮೀನಿಗೆ ಮಾಲೀಕರೋ ಅಲ್ಲವೋ, ಎಲ್ಲದಕ್ಕೂ ಒಂದೊಂದು ಅಂಕಣ. ಸೆನೆಕಾ ವಿಲೇಜಿನಲ್ಲಿ ಸುಮಾರು 225 ಮಂದಿ ಸಿಗುತ್ತಾರೆ. ಮೂರರಲ್ಲಿ ಎರಡು ಪಾಲು ಕಪ್ಪುಜನ, ಉಳಿದವರಲ್ಲಿ ಹೆಚ್ಚಿನವರು ಐರ್ಲೆಂಡಿನಿಂದ ಬಂದವರು, ಕೆಲವರು ಜರ್ಮನರು. ಮೂರು ಚರ್ಚುಗಳು, ಕಪ್ಪು ಮಕ್ಕಳ ಶಾಲೆಯೊಂದು. ಆಲ್ ಏಂಜಲ್ಸ್ ಚರ್ಚಿನಲ್ಲಿ ಕಪ್ಪುಜನರೂ ಬಿಳಿಯರೂ ಒಂದೇ ಸೂರಿನಡಿ ಪ್ರಾರ್ಥಿಸಿದರು. ಅಕ್ರಮ ಜೋಪಡಿಯವರು ಎಂಬ ಮಾತನ್ನು ಗಣತಿಯ ಪಕ್ಕದಲ್ಲಿ, ಕ್ರಯಪತ್ರಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಅದು ನಿಲ್ಲುವುದಿಲ್ಲ.

ಆದರೆ ಊರಿನ ನಿಜವಾದ ಭಾವಚಿತ್ರ ಸಿಗುವುದು ಅದನ್ನು ಕೆಡವಲು ಬರೆದ ಕಾಗದದಲ್ಲಿ. ಗಾರ್ಡ್‌ನರ್ ಸೇಜ್ ಎಂಬ ಸರ್ವೇಯರ್ 1856ರಲ್ಲಿ ಭೂಸ್ವಾಧೀನಕ್ಕಾಗಿ ತಯಾರಿಸಿದ ನಕ್ಷೆ ಅದು. ಮನೆಯ ಅಡಿಪಾಯ, ಕೊಟ್ಟಿಗೆ, ಚರ್ಚು, ನಿವೇಶನದ ಗೆರೆ, ಎಲ್ಲವೂ ಅದರಲ್ಲಿದೆ. ಪರಿಹಾರ ಕೊಡಬೇಕಾದರೆ ಅಳೆಯಬೇಕು, ಅಳೆದ ಮೇಲೆ ಬರೆಯಬೇಕು. ಪತ್ರಿಕೆಯವನು ಜೋಪಡಿ ಎಂದು ಹೀಗಳೆದ ಜಾಗದಲ್ಲಿ ಸರ್ಕಾರದ ಸರ್ವೇಯರ್ ಮನೆ ಬರೆದ. ಅವನಿಗೆ ಊರಿನ ಮೇಲೆ ಮಮತೆ ಇತ್ತು ಎಂದಲ್ಲ. ತಪ್ಪು ಬರೆದರೆ ತಕರಾರು ಬರುತ್ತಿತ್ತು.

ತಕರಾರು ಬಂದೇ ಬಂತು. ಆಂಡ್ರ್ಯೂ ವಿಲಿಯಮ್ಸ್ ತನ್ನ ಮನೆ ಮತ್ತು ಮೂರು ನಿವೇಶನಗಳಿಗೆ 3,500 ಡಾಲರ್ ಕೇಳಿದ. ನಿಗದಿಯಾದದ್ದು 2,335. ಮೂವತ್ತು ವರ್ಷದ ಹಿಂದೆ ಅವನು ಕೊಟ್ಟ 125 ಡಾಲರಿಗೆ ಹೋಲಿಸಿ, ಲಾಭವೇ ಆಯಿತಲ್ಲ ಎನ್ನುವವರಿದ್ದಾರೆ. ಭೂಸ್ವಾಧೀನದ ಕಡತ ನೋಡಿದ ಯಾರಿಗೂ ಈ ವಾದ ಹೊಸದಲ್ಲ. ಕೊಂಡಾಗ ಅದು ಕಲ್ಲುನೆಲ. ಮನೆ ಎಬ್ಬಿಸಿದ್ದು ಅವನು, ಸುತ್ತ ಊರು ಬೆಳೆದದ್ದು ಅವನ ಕಣ್ಣೆದುರಿಗೆ. ಆ ಅರ್ಜಿ ಒಣ ಕಾನೂನಿನ ಭಾಷೆಯದು, ನಿಜ. ಆದರೂ ಕಂತೆಗಟ್ಟಲೆ ಕಾಗದದಲ್ಲಿ ಊರಿನವನೊಬ್ಬ ತಾನೇ ಎದ್ದು ನಿಂತು ಮಾತಾಡಿದಂತೆ ನನಗೆ ಕೇಳಿಸುವುದು ಅಲ್ಲಿ ಮಾತ್ರ.

ಎರಡು ತಾರೀಖುಗಳನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಅಕ್ಕಪಕ್ಕ ಬರೆದಿಟ್ಟಿದ್ದೇನೆ. ನಗರಕ್ಕೊಂದು ದೊಡ್ಡ ಉದ್ಯಾನ ಬೇಕೆಂದು ಈ ಭೂಮಿಯನ್ನು ಗುರುತಿಸಿ ರಾಜ್ಯದ ಶಾಸನಸಭೆ ಕಾನೂನು ಮಾಡಿದ್ದು 1853ರ ಜುಲೈ 21. ಸೆನೆಕಾ ವಿಲೇಜಿನಲ್ಲಿ ಝಯಾನ್ ಚರ್ಚು ತನ್ನ ಹೊಸ ಕಟ್ಟಡಕ್ಕೆ ಮೂಲೆಗಲ್ಲು ಇಟ್ಟದ್ದು ಅದೇ ವರ್ಷದ ಆಗಸ್ಟ್ 4. ನಡುವೆ ಹದಿನಾಲ್ಕು ದಿನ. ಕಲ್ಲಿನೊಳಗೆ ಒಂದು ಪೆಟ್ಟಿಗೆ ಇಟ್ಟರು. ಅದರಲ್ಲಿ ಬೈಬಲ್, ಹಾಡಿನ ಪುಸ್ತಕ, ಚರ್ಚಿನ ನಿಯಮಾವಳಿ, ಧರ್ಮದರ್ಶಿಗಳ ಹೆಸರು ಬರೆದ ಪತ್ರ, ಟ್ರಿಬ್ಯೂನ್ ಮತ್ತು ಸನ್ ಪತ್ರಿಕೆಗಳ ಪ್ರತಿ. ಮುಂದಿನವರಿಗೆಂದು ತಮ್ಮ ದಾಖಲೆಯನ್ನು ತಾವೇ ಹೂತಿಟ್ಟವರು ಅವರು. 1857ರ ಅಕ್ಟೋಬರ್ ಹೊತ್ತಿಗೆ ಊರು ಖಾಲಿ. ಉದ್ಯಾನದ ಇಡೀ ಜಾಗದಿಂದ ಎದ್ದುಹೋದವರು ಸುಮಾರು 1,600 ಮಂದಿ.

ಮರುವರ್ಷ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಇಬ್ಬರ ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದಿತು. ಅವರ ಜಾಣತನದ ಬಗ್ಗೆ ಬೇಕಾದಷ್ಟು ಬರಹಗಳಿವೆ, ನಾನು ಸೇರಿಸುವುದೇನೂ ಇಲ್ಲ. ಉದ್ಯಾನ ಜನರಿಗೆ ಮೊದಲು ತೆರೆದುಕೊಂಡದ್ದು ಚಳಿಗಾಲದಲ್ಲೇ: 1858ರ ಡಿಸೆಂಬರಿನಲ್ಲಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ಸ್ಕೇಟಿಂಗ್. ಮಂಜುಗಡ್ಡೆ ಗಟ್ಟಿಯಾಗಿದೆ ಎಂದು ನಗರಕ್ಕೆ ತಿಳಿಸಲು ವಿಸ್ಟಾ ರಾಕ್ ಮೇಲೆ ಕೆಂಪು ಚೆಂಡು ಏರಿಸುತ್ತಿದ್ದರು.

ಅಲ್ಲಿಂದ ಮುಂದೆ ಈ ನೆಲದ ದಾಖಲೆಗಳು ಬೆರಗಾಗುವಷ್ಟು ಅಚ್ಚುಕಟ್ಟು. ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದ ಹಿಮಕ್ಕೆ 1869ರಿಂದ ಲೆಕ್ಕ ಇದೆ. 2016ರ ಜನವರಿ 22ರಿಂದ 24ರವರೆಗೆ ಸುರಿದದ್ದು 27.5 ಇಂಚು, ಇಂದಿನವರೆಗಿನ ದಾಖಲೆಗಳಲ್ಲಿ ಅತಿ ಹೆಚ್ಚು. ಇಂಚಿನ ಹತ್ತನೇ ಒಂದು ಭಾಗವನ್ನೂ ಬಿಡದೆ ಬರೆದಿಟ್ಟವರನ್ನು ನಾನು ದೂರುವುದಿಲ್ಲ, ದಾಖಲೆ ಹುಡುಕುವವನಿಗೆ ಅಂಥವರೇ ದೇವರು. ಆದರೆ ಬೂಟಿನ ಕೆಳಗೆ ಅದೇ ಹಿಮ ಕಿರುಗುಟ್ಟುವಾಗ, ಆ ಲೆಕ್ಕ ಶುರುವಾಗುವ ಹನ್ನೆರಡು ವರ್ಷ ಮೊದಲು ಇಲ್ಲಿಂದ ಎದ್ದವರು ಯಾವ ದಿಕ್ಕಿಗೆ ಹೋದರೆಂದು ಬರೆದಿಡಲು ಯಾವ ಕಚೇರಿಗೂ ಪುರುಸೊತ್ತಾಗಲಿಲ್ಲವಲ್ಲ ಎನಿಸದೆ ಇರದು.

2011ರ ಬೇಸಿಗೆಯಲ್ಲಿ ಪುರಾತತ್ವದವರು ಇಲ್ಲಿ ಅಗೆದರು. ಡಯಾನಾ ವಾಲ್, ನ್ಯಾನ್ ರಾಥ್‌ಸ್‌ಚೈಲ್ಡ್, ಸಿಂಥಿಯಾ ಕೋಪ್‌ಲ್ಯಾಂಡ್ ಮೂವರೂ ಇದಕ್ಕಾಗಿ ವರ್ಷಾನುಗಟ್ಟಲೆ ಅನುಮತಿ ಕೇಳುತ್ತ ಬಂದಿದ್ದರು. ಆಲ್ ಏಂಜಲ್ಸ್ ಚರ್ಚಿನ ಮೇಲ್ವಿಚಾರಕ ವಿಲಿಯಂ ಗಾಡ್‌ಫ್ರೇ ವಿಲ್ಸನ್, ಹೆಂಡತಿ ಷಾರ್ಲೆಟ್ ಮತ್ತು ಎಂಟು ಮಕ್ಕಳು ಬಾಳಿದ ಮನೆಯ ಅಡಿಪಾಯದ ಗೋಡೆ ಸಿಕ್ಕಿತು. ಕಬ್ಬಿಣದ ಚಹಾ ಕೆಟಲ್, ಬಾಣಲೆ, ಚೀನಾದ ನೀಲಿ-ಬಿಳಿ ಪಿಂಗಾಣಿಯ ಚೂರು, ಮಗುವಿನ ಚಪ್ಪಲಿಯ ತೊಗಲು. ಹಳೆಯ ಕಾಗದಗಳಲ್ಲಿ ಇದ್ದ ಮನೆ ನೆಲದಲ್ಲೂ ಇತ್ತು. ಜೋಪಡಿ ಎಂಬ ಮಾತಿನ ಎದುರಿಗೆ ಈ ಪಿಂಗಾಣಿ ಚೂರೇ ಸಾಕು.

ಎಂಟನೇ ಅವೆನ್ಯೂ ಕಡೆಗೆ ವಾಪಸು ಬರುವಾಗ ನೆನಪಾದದ್ದು 1871ರ ಆಗಸ್ಟಿನ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯ ಸುದ್ದಿ. ಇದೇ 85ನೇ ಬೀದಿಯ ಮೂಲೆಯಲ್ಲಿ ಮರಗಳನ್ನು ಕೀಳುತ್ತಿದ್ದ ಕೂಲಿಗಳಿಗೆ ಎರಡು ಶವಪೆಟ್ಟಿಗೆಗಳು ಸಿಕ್ಕವು. ಒಂದರೊಳಗೆ ಇದ್ದದ್ದು ಕಪ್ಪು ವ್ಯಕ್ತಿಯ ದೇಹ. ಪೆಟ್ಟಿಗೆಗಳು ಇಲ್ಲಿಗೆ ಹೇಗೆ ಬಂದವು ಎಂಬುದು ಪತ್ರಿಕೆಗೆ ಒಗಟಾಯಿತು. ಊರು ಎದ್ದು ಆಗ ಹದಿನಾಲ್ಕೇ ವರ್ಷವಾಗಿತ್ತು. ಚರ್ಚುಗಳ ಕ್ರಯಪತ್ರ, ಸೇಜ್‌ನ ನಕ್ಷೆ, 1855ರ ಗಣತಿ, ಮೂರೂ ಸರ್ಕಾರದ ಕಪಾಟುಗಳಲ್ಲಿ ಇದ್ದವು. ವರದಿಗಾರ ಕೇಳಲಿಲ್ಲ.