ಪ್ರಾಣವಾಯು ಚಿಕಿತ್ಸೆಯ ಪೂರ್ವೋತ್ತರ

ಉಸಿರಿಗೂ ಜೀವಕ್ಕೂ ಇರುವ ನಂಟನ್ನು ನಮ್ಮ ಪ್ರಾಚೀನ ವೈದ್ಯರು ಬಹು ರಮಣೀಯವಾಗಿ ವರ್ಣಿಸಿರುವರು. ನಾಭಿಯಲ್ಲಿ ನೆಲೆಸಿದ ಪ್ರಾಣಪವನವು ಹೃದಯಕಮಲವನ್ನು ಸ್ಪರ್ಶಿಸಿ, ಕಂಠಮಾರ್ಗವಾಗಿ ಹೊರಟು, ಆಕಾಶದ ಅಮೃತವನ್ನು ಪಾನಮಾಡಿ, ವೇಗದಿಂದ ಮರಳಿ ಬಂದು ದೇಹವನ್ನೆಲ್ಲ ತಣಿಸುವುದೆಂಬ ಅಭಿಪ್ರಾಯವು ಶಾರ್ಙ್ಗಧರ ಸಂಹಿತೆಯಲ್ಲಿ ದೊರೆಯುತ್ತದೆ. ಇದನ್ನು ಹಿಡಿದು ಆಮ್ಲಜನಕವು ಪೂರ್ವಿಕರಿಗೆ ತಿಳಿದಿದ್ದಿತೆಂದು ಸಾಧಿಸಹೊರಡುವುದು ಯುಕ್ತವಲ್ಲ. ಆ ಅಮೃತವು ಯಾವ ವಸ್ತು, ಅದನ್ನು ಗಾಳಿಯಿಂದ ಬೇರ್ಪಡಿಸುವುದೆಂತು, ರೋಗಿಗೆ ಎಷ್ಟು ಕೊಟ್ಟರೆ ಹಿತ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯಲು ಶತಮಾನಗಳೇ ಬೇಕಾದವು.

ಇಕ್ಕೇರಿಯ ಅರಸರ ಕೊನೆಯ ರಾಜಧಾನಿಯಾದ ಬಿದನೂರು 1763ರಲ್ಲಿ ಹೈದರಾಲಿಯ ವಶವಾಯಿತಷ್ಟೆ. ಅದಕ್ಕೆ ಹನ್ನೊಂದು ವರ್ಷಗಳ ತರುವಾಯ, 1774ರಲ್ಲಿ, ಇಂಗ್ಲೆಂಡಿನ ಪ್ರೀಸ್ಟ್ಲಿ ಎಂಬ ಪಾದ್ರಿಯು ಪಾದರಸದ ಕೆಂಪು ಭಸ್ಮವನ್ನು ಭೂತಗನ್ನಡಿಯಿಂದ ಕಾಯಿಸಿ ಈ ವಾಯುವನ್ನು ಪಡೆದನು. ಸ್ವೀಡನ್ನಿನ ಶೀಲೆಯೂ ಇದನ್ನು ಮೊದಲೇ ಕಂಡಿದ್ದನಾದರೂ ಅವನ ಗ್ರಂಥವು ಪ್ರಕಟವಾದುದು 1777ರಲ್ಲಿ. ಆಮ್ಲಗಳಿಗೆಲ್ಲ ಇದೇ ಮೂಲವೆಂದು ಭಾವಿಸಿ ಫ್ರಾನ್ಸಿನ ಲವಾಸಿಯೆ ಇದಕ್ಕೆ ಆ ಅರ್ಥದ ಹೆಸರನ್ನಿಟ್ಟನು. ಲವಣಾಮ್ಲದಲ್ಲಿ ಈ ವಾಯುವಿನ ಲೇಶವೂ ಇಲ್ಲವೆಂದು ಡೇವಿಯು 1810ರಲ್ಲಿ ತೋರಿಸಿದರೂ ಹೆಸರು ಮಾತ್ರ ಅಳಿಯಲಿಲ್ಲ. ನಮ್ಮಲ್ಲಿಯೂ ಅದೇ ಸಂಸ್ಕೃತದ ಉಡುಪನ್ನು ತೊಟ್ಟು ಆಮ್ಲಜನಕವೆಂದು ನೆಲೆನಿಂತಿತು. ಜನರ ಬಾಯಲ್ಲಿರುವ ಪ್ರಾಣವಾಯುವೆಂಬ ಹೆಸರೇ ಹೆಚ್ಚು ಸಾರ್ಥಕವಾದುದು.

1799ರಲ್ಲಿ ಬೆಡೋಸನೆಂಬ ವೈದ್ಯನು ಬ್ರಿಸ್ಟಲ್ ನಗರದಲ್ಲಿ ವಾಯುಚಿಕಿತ್ಸಾಲಯವೊಂದನ್ನು ತೆರೆದನು. ಆದರೆ ಪ್ರಮಾಣವನ್ನು ಅಳೆಯುವ ಸಾಧನವಿಲ್ಲದ ಆ ಪ್ರಯತ್ನವು ಫಲಿಸಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದಿಂದ ಶ್ವಾಸಕೋಶಗಳು ಕೆಟ್ಟ ಸೈನಿಕರಿಗಾಗಿ ಹಾಲ್ಡೇನ್ ಪಂಡಿತನು ಅಳತೆಯಿಂದ ಎಡೆಬಿಡದೆ ವಾಯುವನ್ನು ಕೊಡುವ ಕ್ರಮವನ್ನು 1917ರಲ್ಲಿ ವಿವರಿಸಿದ ಮೇಲೆಯೇ ಇದು ಶಾಸ್ತ್ರವೆನಿಸಿತು. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಹಬ್ಬಿ ರೋಗಿಗಳ ಉಸಿರು ನಿಲ್ಲತೊಡಗಲು, ಇಬ್ಸೆನ್ ಎಂಬ ವೈದ್ಯನು ಕಂಠದಲ್ಲಿ ರಂಧ್ರಮಾಡಿ ನಳಿಕೆಯನ್ನಿರಿಸಿ, ಚೀಲದಿಂದ ವಾಯುವನ್ನು ಒತ್ತುವ ಉಪಾಯವನ್ನು ಹೂಡಿದನು. ನೂರಾರು ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳೂ ಆ ಚೀಲಗಳನ್ನು ಒತ್ತಿ ಅನೇಕರ ಪ್ರಾಣವನ್ನುಳಿಸಿದರು. ಇಂದಿನ ತೀವ್ರನಿಗಾ ಘಟಕಗಳ ಮೂಲವು ಇಲ್ಲಿದೆ. 1974ರಲ್ಲಿ ಜಪಾನಿನ ಅಓಯಾಗಿ, ಸೂಜಿ ಚುಚ್ಚದೆಯೆ ಬೆಳಕಿನಿಂದ ರಕ್ತದ ಆಮ್ಲಜನಕವನ್ನು ಅಳೆಯುವ ಮಾರ್ಗವನ್ನು ಕಂಡುಹಿಡಿದನು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಅದರ ಸಂತತಿಯೇ.

ಗಾಳಿಯಲ್ಲಿ ಪ್ರಾಣವಾಯುವು ನೂರಕ್ಕೆ 21 ಪಾಲು. ಶ್ವಾಸಕೋಶದ ಗಾಳಿಗೂಡುಗಳಲ್ಲಿ ನೀರು ತುಂಬಿದಾಗ ಇಷ್ಟು ಸಾಲದೆ ಹೆಚ್ಚಿನದನ್ನು ಕೊಡಬೇಕಾಗುವುದು. ಆದರೆ ಅತಿಯಾದರೆ ಅಮೃತವೂ ವಿಷವೆಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯ. ಹೆಚ್ಚಾದ ಆಮ್ಲಜನಕದಿಂದ ಶ್ವಾಸಕೋಶವೇ ಕೆಡುವುದೆಂದು ಲೊರೇನ್ ಸ್ಮಿತ್ 1899ರಲ್ಲಿ ತೋರಿಸಿದ್ದನು. 1940ರ ಹಾಗೂ 1950ರ ದಶಕಗಳಲ್ಲಿ, ದಿನ ತುಂಬದೆ ಹುಟ್ಟಿದ ಸಾವಿರಾರು ಶಿಶುಗಳು ಇದನ್ನು ಮಿತಿಮೀರಿ ಪಡೆದು ಕುರುಡಾದವು. ತೀವ್ರ ಶ್ವಾಸವೈಫಲ್ಯಕ್ಕೊಳಗಾದ 2,928 ರೋಗಿಗಳನ್ನು ಯೂರೋಪಿನ ವೈದ್ಯರು ಎರಡು ಗುಂಪುಮಾಡಿ, ರಕ್ತದಲ್ಲಿ ಈ ವಾಯುವಿನ ಒತ್ತಡವನ್ನು ಒಂದರಲ್ಲಿ 60, ಮತ್ತೊಂದರಲ್ಲಿ 90 ಮಿಲಿಮೀಟರು ಪಾದರಸಕ್ಕೆ ಗುರಿಯಿಟ್ಟು ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ 90 ದಿನಗಳೊಳಗೆ ಮೃತರಾದವರು ಕ್ರಮವಾಗಿ ನೂರಕ್ಕೆ 42.9 ಮತ್ತು 42.4. ಹೆಚ್ಚಿನ ಗುರಿಯಿಂದ ಹೆಚ್ಚಿನ ಜೀವಗಳು ಉಳಿಯಲಿಲ್ಲ.

ಅದೇ ವರ್ಷ ಕರ್ಣಾಟಕವು ಇದರ ಅಭಾವದ ಕಹಿಯನ್ನುಂಡಿತು. ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ಮಂದಿ ರೋಗಿಗಳು ತೀರಿಕೊಂಡರು. ಮೈಸೂರಿನಿಂದ ಬರಬೇಕಾದ ಸಿಲಿಂಡರುಗಳು ಸಕಾಲಕ್ಕೆ ಬಂದಿರಲಿಲ್ಲ. ರಾಜ್ಯಕ್ಕೆ ದಿನವೊಂದಕ್ಕೆ 1,200 ಟನ್ನು ಆಮ್ಲಜನಕವನ್ನೊದಗಿಸಬೇಕೆಂದು ಉಚ್ಚ ನ್ಯಾಯಾಲಯವು ಮೇ 5ರಂದು ಆಜ್ಞಾಪಿಸಿತು. ಮೇ 11ರಂದು ಜಮ್ಶೆಡ್‌ಪುರದ ಕಡೆಯಿಂದ 120 ಟನ್ನುಗಳ ರೈಲು ಬೆಂಗಳೂರನ್ನು ಮುಟ್ಟಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯು ಉಕ್ಕಿಗೆಂದು ತಯಾರಿಸುತ್ತಿದ್ದ ದ್ರವರೂಪದ ಆಮ್ಲಜನಕವನ್ನು ಆಸ್ಪತ್ರೆಗಳಿಗೆ ಕಳುಹಿಸಿತು. ನಾಡಿನಲ್ಲಿ ವಾಯುವಿದ್ದರೂ ಅದು ಹಾಸಿಗೆಯ ಬಳಿಗೆ ಬಾರದಿದ್ದರೆ ನಿಷ್ಫಲವೆಂಬ ಪಾಠವನ್ನು ಆ ತಿಂಗಳು ಕಲಿಸಿತು.

ಮಲೆನಾಡಿಗೆ ಈ ಪಾಠವು ವಿಶೇಷವಾಗಿ ಅನ್ವಯಿಸುವುದು. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ರೋಗವು ಉಲ್ಬಣಿಸಿದರೆ ಒಂದೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಒಯ್ಯಬೇಕು, ಇಲ್ಲವೇ ಘಟ್ಟವನ್ನಿಳಿದು ಮಣಿಪಾಲವನ್ನು ಸೇರಬೇಕು. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರು; ಒಂದೂವರೆ ಗಂಟೆಯ ದಾರಿ. ಸುಮಾರು 1,500 ಲೀಟರು ಹಿಡಿಯುವ ಸಣ್ಣ ಸಿಲಿಂಡರಿನಿಂದ ನಿಮಿಷಕ್ಕೆ 15 ಲೀಟರಿನಂತೆ ಕೊಟ್ಟರೆ ಅದು ನೂರು ನಿಮಿಷಕ್ಕೆ ಬರಿದಾಗುವುದು. ಉಳಿಯುವ ಅವಕಾಶವು ಹತ್ತೇ ನಿಮಿಷ! ಹಾದಿಯಲ್ಲಿ ಮರವೊಂದು ಅಡ್ಡಬಿದ್ದರೆ ಆ ಅವಕಾಶವೂ ಇಲ್ಲ. ಶರಾವತಿಯ ಹಿನ್ನೀರಿನಾಚೆಯ ತುಮರಿಯ ಸೀಮೆಯವರ ಕಷ್ಟವಂತೂ ಇನ್ನೂ ದೊಡ್ಡದಾಗಿದ್ದಿತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಂದಿನಿಂದ, ಸಾಗರಕ್ಕೆ ನೇರವಾಗಿ ಬರಬೇಕಾದರೆ ರೋಗಿಗಳೂ ಹೊಳೆಬಾಗಿಲಿನ ಲಾಂಚನ್ನೇ ಕಾಯಬೇಕಾಗಿದ್ದಿತು; ಇರುಳಿನಲ್ಲಿ ಅದೂ ಇರುತ್ತಿರಲಿಲ್ಲ. 2025ರ ಜುಲೈ 14ರಂದು 2.44 ಕಿಲೋಮೀಟರು ಉದ್ದದ ಸಿಗಂದೂರು ಸೇತುವೆಯು ತೆರೆದ ಮೇಲೆ ಆ ಕಾಯುವಿಕೆಯು ತೀರಿತು. ಪ್ರಾಣವಾಯು ಚಿಕಿತ್ಸೆಯ ಚರಿತ್ರೆಯನ್ನು ಬರೆಯುವವರು ಈ ಸೇತುವೆಯನ್ನೂ ಅದರಲ್ಲಿ ಸೇರಿಸಿಕೊಳ್ಳಬೇಕು.

ಪ್ರಾಣವಾಯುವು ಔಷಧವೆಂಬುದನ್ನು ಮರೆಯದೆ, ರೋಗಿಯು ಹೊರಡುವ ಮುನ್ನವೇ ದಾರಿಯ ನಿಮಿಷಗಳನ್ನೂ ಸಿಲಿಂಡರಿನ ಲೀಟರುಗಳನ್ನೂ ಗಣಿಸಿ, ಒಂದು ಸಿಲಿಂಡರನ್ನು ಹೆಚ್ಚಾಗಿ ಜೊತೆಗಿರಿಸಿಕೊಳ್ಳುವುದು ಅವಶ್ಯಕ. ಈ ಲೆಕ್ಕಕ್ಕೆ ಪಾಠಶಾಲೆಯ ಭಾಗಾಕಾರಕ್ಕಿಂತ ಹೆಚ್ಚಿನ ವಿದ್ಯೆಯು ಬೇಕಾಗಿಲ್ಲ.