ನೀರಗಂಟಿ ಹೋದ ಮೇಲೆ ಕೆರೆ ಪಾಠ ಹೇಳಿಕೊಟ್ಟವರು ಯಾರು?

ಇವತ್ತಿನ ಕಂತಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು ಸ್ವಲ್ಪ ಹಿಂದಕ್ಕೆ ಹೋಗೋಣ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಕಡೆ ಇರೋರು ಕೆರೆ, ಮರ, ಕಸದ ಕೆಲಸಕ್ಕೆ ಸ್ವಯಂಸೇವಕರಾಗಬೇಕು ಅಂದ್ರೆ ಆ ಕೆಲಸ ಕಲಿಯೋದು ಎಲ್ಲಿ?

ಮನಸ್ಸಿದ್ದರೆ ಸಾಕು, ಇದಕ್ಕೆಲ್ಲ ಟ್ರೇನಿಂಗ್ ಯಾಕೆ ಅಂತೀರಾ? ನಮ್ಮ ಕೆರೆಗಳಲ್ಲಿ ಅಲಿಗೇಟರ್ ವೀಡ್ ಅನ್ನೋ ಕಳೆ ಇದೆ. ಅದರ ದಂಟಿನ ಒಂದು ಗೆಣ್ಣು ನೀರಲ್ಲಿ ಉಳಿದರೂ ಮತ್ತೆ ಚಿಗುರುತ್ತೆ. ಗೊತ್ತಿಲ್ಲದೆ ಹತ್ತು ಜನ ಇಳಿದು ಕಿತ್ತೆಸೆದರೆ ಕಳೆ ಹೋಗಲ್ಲ, ಹರಡುತ್ತೆ. ಇನ್ನು ದಡದ ಜೊಂಡು. ನೋಡೋಕೆ ಕಸದ ಥರ ಕಾಣುತ್ತೆ. ಆದರೆ ನಾಮದ ಕೋಳಿ, ಗುಳುಮುಳುಕ ಗೂಡು ಕಟ್ಟೋದು ಅಂಥ ಗಿಡಗಳ ಮಧ್ಯೆಯೇ. ಮೊಟ್ಟೆಯಿಡೋ ಕಾಲದಲ್ಲಿ ಅದನ್ನು ಬೋಳಿಸಿದರೆ ಕೆರೆ ಕ್ಲೀನ್ ಆಗುತ್ತೆ, ಮರಿಗಳು ಉಳಿಯಲ್ಲ. ಒಳ್ಳೆ ಮನಸ್ಸು ಮಾತ್ರ ಇದ್ದರೆ ಹಾನಿಯೂ ಆಗುತ್ತೆ ಅನ್ನೋದಕ್ಕೆ ಇಷ್ಟು ಸಾಕು.

ಈ ವಿದ್ಯೆ ಇಲ್ಲಿ ಮೊದಲು ಇರಲಿಲ್ಲ ಅಂತಲ್ಲ. ಬಿಟಿಎಂ ಅಂದ್ರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಹೆಸರಲ್ಲೇ ಕೆರೆ ಇದೆ. ‘ಸಂದ್ರ’ ಅನ್ನೋದೂ ‘ಸಮುದ್ರ’ದಿಂದ ಬಂದದ್ದು, ಅಂದ್ರೆ ದೊಡ್ಡ ಕೆರೆ. ಊರಿಗೊಂದು ಕೆರೆ, ಆ ಕೆರೆಗೊಬ್ಬ ನೀರಗಂಟಿ. ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ನೀರು ಬಿಡಬೇಕು, ಏರಿಯಲ್ಲಿ ಎಲ್ಲಿ ನೀರು ಜಿನುಗುತ್ತಿದೆ, ಕೋಡಿ ಬೀಳೋಕೆ ಎಷ್ಟು ಬಾಕಿ, ಇದೆಲ್ಲ ನೋಡೋದು ಅವನ ಕೆಲಸ. ಸುಗ್ಗಿಯಲ್ಲಿ ರೈತರು ಕೊಡೋ ಧಾನ್ಯವೇ ಸಂಬಳ. ಹೆಚ್ಚಿನ ಕಡೆ ಈ ಕೆಲಸ ದಲಿತ ಕುಟುಂಬಗಳದ್ದು. ಅಪ್ಪನ ಹಿಂದೆ ಏರಿ ಮೇಲೆ ನಡೆದು ಮಗ ಕಲಿಯುತ್ತಿದ್ದ. ಪುಸ್ತಕ ಇರಲಿಲ್ಲ, ಆ ವಿದ್ಯೆಗೆ ಸಿಗಬೇಕಾದ ಗೌರವವೂ ಇರಲಿಲ್ಲ.

1948ರಲ್ಲಿ ಸಿ. ರಾಜಗೋಪಾಲಾಚಾರಿ ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದರು. ಆಮೇಲೆ ಒಂದರ ಹಿಂದೆ ಒಂದು ಬಡಾವಣೆ ಬಂತು. ಗದ್ದೆ ಹೋದ ಮೇಲೆ ತೂಬು ಎತ್ತೋ ಕೆಲಸವೇ ಉಳಿಯಲಿಲ್ಲ. ನೀರಗಂಟಿ ಹೋದ, ಅವನ ಜೊತೆ ಪಾಠವೂ ಹೋಯಿತು. ರಾಜಕಾಲುವೆ ಚರಂಡಿಯಾಯಿತು. ಸೈಟು ಕೊಂಡು ಬಂದವರಿಗೆ ಕೆರೆ ಅಂದ್ರೆ ಸೊಳ್ಳೆ, ವಾಸನೆ, ಇಲ್ಲಾ ಲೇಕ್ ವ್ಯೂ.

ಆಮೇಲೆ ಆದದ್ದು ನನಗೆ ಕುತೂಹಲದ ವಿಷಯ. ಕಡಿದುಹೋದ ಪಾಠವನ್ನು ಬೇರೆ ಬೇರೆ ಜನ ತುಂಡು ತುಂಡಾಗಿ ಮತ್ತೆ ಕಲಿತರು.

ಮೊದಲ ತುಂಡು ಕಾಲೇಜಿನದು. ಗಾಂಧೀಜಿ ಜನ್ಮಶತಾಬ್ದಿ ವರ್ಷ, 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ, ನಾವು ಎನ್ನೆಸ್ಸೆಸ್ ಅನ್ನೋದು, ದೇಶದ 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ 7 ದಿನದ ಶಿಬಿರ. ಗುದ್ದಲಿ ಹಿಡಿಯೋದು, ಗುಂಪಲ್ಲಿ ಕೆಲಸ ಹಂಚಿಕೊಳ್ಳೋದು, ಗೊತ್ತಿಲ್ಲದ ಮನೆಯವರ ಹತ್ತಿರ ಹೋಗಿ ಮಾತಾಡೋದು ಎಷ್ಟೋ ಜನ ಕಲಿತದ್ದು ಅಲ್ಲಿ.

ಎರಡನೇ ತುಂಡು ಲಾಲ್‌ಬಾಗಿನದು. 1972ರಲ್ಲಿ ಡಾ. ಜೋಸೆಫ್ ಜಾರ್ಜ್ ಬೆಂಗಳೂರಿನಲ್ಲಿ ಪಕ್ಷಿವೀಕ್ಷಕರ ಕ್ಲಬ್ ಕಟ್ಟಿದರು. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಗಾಜಿನಮನೆ ಹತ್ತಿರ ಸೇರೋದು, ಅಷ್ಟೇ ನಿಯಮ. ಶುಲ್ಕ ಇಲ್ಲ, ಸರ್ಟಿಫಿಕೇಟ್ ಇಲ್ಲ. ಗೊತ್ತಿರೋರು ತೋರಿಸ್ತಾರೆ, ಗೊತ್ತಿಲ್ಲದವರು ಬರೆದುಕೊಳ್ತಾರೆ. ಸಾಲು ಮರಗಳ ಕೆಳಗೆ ನಡೆದ ಈ ತರಗತಿಯ ಬೆಲೆ ಗೊತ್ತಾದದ್ದು 1987ರಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ಶುರುವಾದಾಗ. ಜನವರಿಯಲ್ಲಿ ಕೆರೆ ಕೆರೆ ಸುತ್ತಿ ಹಕ್ಕಿ ಎಣಿಸೋಕೆ ಬೆಂಗಳೂರಿನಲ್ಲಿ ಪಳಗಿದ ಕಣ್ಣುಗಳು ಆಗಲೇ ಇದ್ದವು. ಕೆರೆ ಸಾಯ್ತಿದೆ ಅಂತ ಬಾಯಿಮಾತಲ್ಲಿ ಹೇಳೋದು ಬೇರೆ, ಪಟ್ಟಿ ಹಿಡಿದು ಹೇಳೋದು ಬೇರೆ.

ಬನಶಂಕರಿ 2ನೇ ಹಂತದಲ್ಲಿ ಕಚೇರಿ ಇರೋ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತನ್ನೂ ಇಲ್ಲಿ ನೆನೆಯಬೇಕು. ‘ಬಾಲವಿಜ್ಞಾನ’ ಪತ್ರಿಕೆಯಿಂದ, 1993ರಲ್ಲಿ ಶುರುವಾದ ಮಕ್ಕಳ ವಿಜ್ಞಾನ ಸಮಾವೇಶದಿಂದ, ತಮ್ಮ ಊರಿನ ನೀರು, ಮಣ್ಣು, ಕಸವನ್ನು ಅಳೆದು ಬರೆಯೋ ಅಭ್ಯಾಸ ಕನ್ನಡ ಶಾಲೆಯ ಮಕ್ಕಳಿಗೂ ಸಿಕ್ಕಿತು.

ಮೂರನೇ ತುಂಡು ಕಸದ್ದು. 2012ರಲ್ಲಿ ಮಾವಳ್ಳಿಪುರದ ಜನ ‘ನಿಮ್ಮ ಕಸ ನಮಗೆ ಬೇಡ’ ಅಂತ ನಿಂತಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ರಾಶಿಬಿತ್ತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಡಬ್ಬಿ, ಒಂದು ಚೀಲದ ಪದ್ಧತಿಗೆ ಆದೇಶ ಕೊಟ್ಟಿತು. ಹಸಿ ಕಸಕ್ಕೆ ಹಸಿರು, ಡೈಪರ್‌ನಂಥದ್ದಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಮನೆಮನೆಗೆ ಹೋಗಿ ಹೇಳಿಕೊಟ್ಟ ಸ್ವಯಂಸೇವಕರಿಗೆ ಆ ಪಾಠ ಹೊಸದು. ಅದು ಮೊದಲಿಂದಲೂ ಗೊತ್ತಿದ್ದದ್ದು ಚಿಂದಿ ಆಯುವವರಿಗೆ. ಪ್ಲಾಸ್ಟಿಕ್ಕನ್ನು ಕೈಯಲ್ಲಿ ಕಿವುಚಿ, ಸದ್ದು ಕೇಳಿ ಯಾವ ಜಾತಿಯದು ಅಂತ ಹೇಳೋರು ಅವರು. ಅವರಿಗೆ ಬಿಬಿಎಂಪಿ ಗುರುತಿನ ಚೀಟಿ ಕೊಡೋಕೆ ಶುರು ಮಾಡಿದ್ದು 2011ರಲ್ಲಿ. ನೀರಗಂಟಿಯ ಥರ ಇವರನ್ನೂ ನಾವು ಗುರು ಅಂತ ಕರೆಯಲಿಲ್ಲ.

ಈ ತುಂಡುಗಳೆಲ್ಲ ಒಂದೇ ಕಡೆ ಸೇರಿದ್ದನ್ನು ನೋಡಬೇಕಾದ್ರೆ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಗೆ ಹೋಗಿ. ಸುಮಾರು 13 ಎಕರೆ. ಒಣಗಿ, ಕಸ ತುಂಬಿದ್ದ ಕೆರೆ. ಕಾದಂಬರಿಗಾರ್ತಿ ಉಷಾ ರಾಜಗೋಪಾಲನ್ ಮತ್ತು ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ಮಾಡಿದರು. 2011ರಲ್ಲಿ ಬಿಬಿಎಂಪಿ ಒಪ್ಪಂದ ಮಾಡಿಕೊಂಡು ನಿರ್ವಹಣೆ ಒಪ್ಪಿಸಿತು. ನಾಗರಿಕರ ಗುಂಪೊಂದಕ್ಕೆ ಹೀಗೆ ಕೆರೆ ವಹಿಸಿದ್ದು ನಗರದಲ್ಲಿ ಅದೇ ಮೊದಲು. ಕಳೆ ತೆಗೆಯೋದು, ಹಕ್ಕಿ ಪಟ್ಟಿ ಮಾಡೋದು, ಕಚೇರಿಗೆ ಅರ್ಜಿ ಬರೆಯೋದು, ದುಡ್ಡಿನ ಲೆಕ್ಕ ಇಡೋದು ಎಲ್ಲವನ್ನೂ ಕೆಲಸ ಮಾಡುತ್ತಲೇ ಕಲಿಯಬೇಕಾಯಿತು. ಅಪ್ಪನ ಹಿಂದೆ ನಡೆಯೋ ಮಗ ಇಲ್ಲದ ಕಡೆ ಕೆರೆಯೇ ಪಾಠ ಹೇಳಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ.

ಅದೇ ಜೆ.ಪಿ. ನಗರದ ಸಾರಕ್ಕಿ ಕೆರೆಯಲ್ಲಿ 2015ರ ಏಪ್ರಿಲ್‌ನಲ್ಲಿ ಜೆಸಿಬಿ ತಂದು ಒತ್ತುವರಿ ತೆಗೆಸಬೇಕಾಯಿತು. ಕೆರೆಯ ಗಡಿ ಗೊತ್ತಿರೋರು ದಿನಾ ಅದರ ಸುತ್ತ ನಡೆಯದೇ ಹೋದರೆ ಏನಾಗುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದ್ರೆ ಟ್ರೇನಿಂಗ್ ಎಲ್ಲಿ? ಈ ಇತಿಹಾಸದಿಂದ ನನಗೆ ಕಂಡದ್ದು ಇಷ್ಟು. ನಮ್ಮ ಕಡೆ ಅದಕ್ಕೆ ಬೋರ್ಡು ಹಾಕಿದ ಕಟ್ಟಡ ಹುಡುಕಬೇಡಿ, ನಿಗದಿತ ದಿನ ಸೇರೋ ಜನರನ್ನು ಹುಡುಕಿ. ಲಾಲ್‌ಬಾಗಿನ ಎರಡನೇ ಭಾನುವಾರ ಇದೆ. ಕಾಲೇಜಲ್ಲಿ ಎನ್ನೆಸ್ಸೆಸ್ ಇದೆ. ಕಾಂಪೋಸ್ಟ್ ಕಲಿಯಬೇಕಾದ್ರೆ ಬಿಟಿಎಂ ಪಕ್ಕದ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ‘ಸ್ವಚ್ಛಾಗ್ರಹ ಕಲಿಕಾ ಕೇಂದ್ರ’ ಇದೆ. ನಿಮ್ಮ ವಾರ್ಡಿನ ಒಣ ಕಸ ಕೇಂದ್ರದಲ್ಲಿ ಬೇರ್ಪಡಿಸೋ ಅಕ್ಕನ ಪಕ್ಕ ಒಂದು ಗಂಟೆ ನಿಂತು ನೋಡಿ. ಹತ್ತಿರದ ಕೆರೆಗೆ ಒಂದು ನೋಟ್‌ಬುಕ್ ಹಿಡಿದು ಹೋಗಿ. ನೀರು ಎಲ್ಲಿಂದ ಒಳಗೆ ಬರುತ್ತೆ, ಎಲ್ಲಿಂದ ಆಚೆ ಹೋಗುತ್ತೆ ಅಂತ ಮೊದಲು ಕೇಳಿ.

ಮತ್ತೆ, ಒಂದು ಭಾನುವಾರ ಹೋಗಿ ಫೋಟೊ ಹಾಕಿ ನಿಲ್ಲಿಸಬೇಡಿ. ಒಂದು ವರ್ಷ ಹೋಗಿ. ಮುಂದಿನ ವರ್ಷ ಹೊಸದಾಗಿ ಬಂದವರಿಗೆ ಜೊಂಡು ಯಾವುದು, ಕಳೆ ಯಾವುದು ಅಂತ ತೋರಿಸೋಕೆ ನೀವು ಅಲ್ಲಿರಬೇಕು.